ಮೂರು ಚುಕ್ಕಿಯ ದಾರಿಸಾಲು

ಕೊಪ್ಪಳ ಜಿಲ್ಲೆಯಾದ ವರ್ಷವೇ ನಾನು ಕಂಪ್ಯೂಟರ್ ಕಲಿಯಲು ಕೊಪ್ಪಳಕ್ಕೆ ಬಂದವನು. ಊರು ಯಾವುದೆಂದು ಕ್ಲಾಸಿನ ಮಾಸ್ತರರು ಕೇಳಿದಾಗ ಮಂಗಳೂರು ಎಂದೆ. "ಸಮುದ್ರ ಬಿಟ್ಟು ಇಲ್ಲಿ ಬಿಸಲಾಗ ಯಾಕ ಬಂದ್ಯೋ ತಮ್ಮಾ?" ಎಂದು ಅವರು ನಕ್ಕರು. ನಮ್ಮದು ಯಲಬುರ್ಗಾ ಸೀಮೆಯ ಮಂಗಳೂರು. ಸಮುದ್ರದ ಮಾತು ಹಾಗಿರಲಿ, ಹಳ್ಳ ಹರಿದರೆ ನೋಡಲು ಊರೇ ಹೋಗಿ ದಂಡೆಯ ಮೇಲೆ ನಿಲ್ಲುತ್ತದೆ.

ನನ್ನನ್ನು ಬೆಳೆಸಿದವಳು ಆಯಿ, ನನ್ನ ತಾಯಿಯ ತಾಯಿ. ತಂದೆ-ತಾಯಿಯ ಮುಖ ನನಗೆ ನೆನಪಿಲ್ಲ. ಮಾತು ಕಲಿತದ್ದು ಆಯಿಯ ಕಟ್ಟೆಯ ಮೇಲೆ ಕುಳಿತು. ಹಾದಿ ಹಿಡಿದು ಹೋಗುವವರನ್ನೆಲ್ಲ ಆಕೆ ನಿಲ್ಲಿಸಿ ಕೇಳುತ್ತಿದ್ದಳು: "ಯಾವೂರಪಾ? ಯಾರ ಮನಿಯಂವ? ಯಾರ ಪೈಕಿ? ನಿಮ್ಮವ್ವನ ತವರುಮನಿ ಎಲ್ಲಿ?" ಇಷ್ಟೆಲ್ಲ ಆದ ಮೇಲೆ ಕಡೆಗೆ ಹೆಸರು. ಒಮ್ಮೊಮ್ಮೆ ಹೆಸರು ಕೇಳುವುದನ್ನೇ ಮರೆತು ನೀರು ಕೊಟ್ಟು ಕಳಿಸುತ್ತಿದ್ದಳು. "ಹೆಸರ ಕೇಳಲಿಲ್ಲಲ್ಲ ಆಯಿ" ಎಂದರೆ, "ಹೆಸರೇನೋ, ಯಾರು ಬೇಕಾದ್ದು ಇಡ್ತಾರ. ಅಂವ ಯಾರಂಬೂದು ಗೊತ್ತಾತಲ್ಲ" ಎನ್ನುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ಆ ಊರಿನಲ್ಲಿ ನನ್ನದೆನ್ನುವ ಬಾಗಿಲು ಉಳಿಯಲಿಲ್ಲ. ಸೋದರಮಾವಂದಿರು ಮನೆ ಪಾಲು ಮಾಡಿಕೊಂಡರು. ಕೆಟ್ಟವರಲ್ಲ, ಅವರವರ ಸಂಸಾರ ಅವರಿಗೆ. ನಾನು ಹಬ್ಬಕ್ಕೆ ಹೋಗುವುದನ್ನು ಬಿಟ್ಟೆ, ಅವರೂ ಕರೆಯುವುದನ್ನು ಬಿಟ್ಟರು.

ಕೊಪ್ಪಳದಲ್ಲಿ ಬೀಜ-ಗೊಬ್ಬರದ ಅಂಗಡಿಯೊಂದರ ಮೇಲಿನ ಕೋಣೆ ನನ್ನದು. ಮೊದಲು ಮದುವೆ ಪತ್ರಿಕೆಗಳ ಅಕ್ಷರ ಜೋಡಿಸುತ್ತಿದ್ದೆ. ಆಮೇಲೆ ಕಾಲ ಬದಲಾಯಿತು, ವೆಬ್‌ಸೈಟು ಮಾಡುವುದನ್ನು ಕಲಿತೆ. ಗಂಗಾವತಿಯ ಅಕ್ಕಿ ಗಿರಣಿಯವರಿಗೆ, ಸಾಣಾಪುರದ ಕೆರೆಯ ಕಡೆ ಪ್ರವಾಸಿಗರಿಗೆ ಕೋಣೆ ಬಾಡಿಗೆ ಕೊಡುವವರಿಗೆ ಮಾಡಿಕೊಟ್ಟೆ. ಕೆಲಸಕ್ಕೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಮಾತಿಗೆ. ಕಟ್ಟೆಯ ಮೇಲೆ ದಿನವಿಡೀ ಮಾತು ಕೇಳಿ ಬೆಳೆದವನು ಈಗ ಖಾನಾವಳಿಯಲ್ಲಿ "ಇನ್ನೊಂದು ರೊಟ್ಟಿ ಹಾಕ್ರಿ", "ಸಾಕ್ರಿ" ಎಂದರೆ ಅಂದಿನ ಮಾತು ಮುಗಿಯಿತು. ಅನ್ನ ಬಡಿಸುವವನು ನಾನು ಬಾಯಿ ತೆರೆಯುವ ಮೊದಲೇ ಮಜ್ಜಿಗೆ ತಂದಿಡಲು ಶುರುಮಾಡಿದ ಮೇಲೆ ಅಷ್ಟೂ ಮಾತು ಉಳಿಯಲಿಲ್ಲ. ಮದುವೆಯ ವಯಸ್ಸು ಮೀರುತ್ತಿತ್ತು. ನನಗಾಗಿ ಹೋಗಿ ಒಂದು ಮನೆಯ ಪಡಸಾಲೆಯಲ್ಲಿ ಕುಳಿತು ಮಾತು ತೆಗೆಯುವವರು ಯಾರೂ ಇರಲಿಲ್ಲ.

ಅಂಥ ದಿನಗಳಲ್ಲಿ ಮೆಟ್ಟಿಲ ಮೇಲೆ ಏದುಸಿರು ಕೇಳಿತು. ಅಳವಂಡಿಯ ದೊಡ್ಡವ್ವ. ನನ್ನ ದೊಡ್ಡವ್ವನಲ್ಲ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲೂಕಿಗೆ ಆಕೆ ದೊಡ್ಡವ್ವ. ಬಸ್ಸು ಹತ್ತಿ ಊರೂರು ತಿರುಗಿ ಗಂಡು-ಹೆಣ್ಣು ಕೂಡಿಸುವುದು ಆಕೆಯ ಕೆಲಸ. ನಾನು ಅಕ್ಷರ ಜೋಡಿಸಿದ ಪತ್ರಿಕೆಗಳಲ್ಲಿ ಅರ್ಧ ಆಕೆ ಕೂಡಿಸಿದ ಜೋಡಿಗಳವೇ. ಆಕೆಗೊಂದು ಪದ್ಧತಿ ಇತ್ತು. ಮನೆಗೆ ಹೋದರೆ ಮೊದಲು ನೀರು, ಆಮೇಲೆ ಮಳೆ-ಬೆಳೆ, ಆಮೇಲೆ ಚಹಾ. ಚಹಾದ ಬಟ್ಟಲು ಕೆಳಗಿಟ್ಟು, "ಒಂದು ಮನಿ ಐತ್ರಿ" ಎಂದು ಆರಂಭ. ಊರು, ಮನೆತನ, ಬೆಡಗು, ತಾಯಿಯ ತವರು, ಇಷ್ಟೂ ಒಪ್ಪಿಗೆಯಾದ ಮೇಲೆಯೇ ಹುಡುಗಿಯ ಮಾತು.

ಬೆಡಗು ಅಂದರೆ ನಮ್ಮ ಕಡೆ ತಂದೆಯ ಕುಲದ ಬೇರು. ಒಂದೇ ಬೆಡಗಿನವರು ಯಾವ ಮೂಲೆಯ ಊರಿನಲ್ಲಿರಲಿ, ಒಬ್ಬರ ಮುಖ ಒಬ್ಬರು ನೋಡಿರದಿರಲಿ, ಅವರು ಅಣ್ಣ-ತಂಗಿ. ಅಲ್ಲಿಗೆ ಮದುವೆಯ ಮಾತು ಮುಗಿಯಿತು. ಇದನ್ನು ಕೇಳುವವರು ಹಿರಿಯರು. ಗಂಡು-ಹೆಣ್ಣು ತಾವಾಗಿ ಕೇಳುವುದು ಪದ್ಧತಿಯಲ್ಲ.

ದೊಡ್ಡವ್ವ ಕುರ್ಚಿಯಲ್ಲಿ ಕುಳಿತು ಮೊಣಕಾಲು ತಿಕ್ಕಿಕೊಂಡಳು. "ಇವು ಇನ್ನ ಬಸ್ಸಿನ ಮೆಟ್ಟಲಾ ಹತ್ತಂಗಿಲ್ಲ ಅಂತಾವ ಮಗನ. ಮಂದಿ ಎಲ್ಲಾ ಫೋನಿನ್ಯಾಗ ನೋಡ್ತಾರಂತ. ನನ್ನ ತಲ್ಯಾಗ ಇದ್ದದ್ದನ್ನ ಅದರಾಗ ಹಾಕು."

"ಅದರಾಗ ಹಾಕಿದ್ರ ನಿಮ್ಮನ್ನ ಯಾರ ಕೇಳ್ತಾರ ದೊಡ್ಡವ್ವಾ?"

"ಕೇಳ್ತಾರೇಳು. ಜ್ವಾಳದ ರಾಶಿ ತೋರಿಸಿದ್ರ ಆತೇನು? ರೊಟ್ಟಿ ಬಡಿಯಾಕ ಕೈ ಬೇಕಲ್ಲ."

ಆಕೆ ಹೇಳಿದ ಕ್ರಮದಲ್ಲೇ ವೆಬ್‌ಸೈಟು ಕಟ್ಟಿದೆ. ಮೊದಲು ತಾಲೂಕು, ಅದರೊಳಗೆ ಊರು, ಊರೊಳಗೆ ಮನೆತನ, ಬೆಡಗು, ತಾಯಿಯ ತವರು, ಕಟ್ಟಕಡೆಗೆ ವರ ಇಲ್ಲವೇ ವಧು. ಇಷ್ಟು ಒಳಕ್ಕೆ ಹೋದವರು ದಾರಿ ತಪ್ಪಬಾರದೆಂದು ಪುಟದ ತಲೆಯ ಮೇಲೆ ಒಂದು ಸಣ್ಣ ಸಾಲು ಇಡುವುದು ರೂಢಿ. ಯಾವ ಬಾಗಿಲಿಂದ ಬಂದು ಯಾವ ಕೋಣೆಯಲ್ಲಿ ನಿಂತಿದ್ದೀರಿ ಎಂದು ಅದು ಹೇಳುತ್ತದೆ. ಹಿಂದಿನ ಯಾವ ಹೆಸರು ಮುಟ್ಟಿದರೂ ಅಲ್ಲಿಗೆ ಮರಳಬಹುದು. ಅದಕ್ಕೆ ಬ್ರೆಡ್‌ಕ್ರಂಬ್ ಎನ್ನುತ್ತಾರೆ, ದಾರಿಗುಂಟ ಬ್ರೆಡ್ಡಿನ ಚೂರು ಉದುರಿಸುತ್ತ ಹೋದಂತೆ ಎಂದು ದೊಡ್ಡವ್ವನಿಗೆ ಹೇಳಿದೆ.

"ಬ್ರೆಡ್ಡು ಜ್ವರ ಬಂದವರು ತಿನ್ನೂದು. ಅದನ್ನ ದಾರೀಗೆ ಯಾಕ ಚೆಲ್ಲತಾರ? ಹಿಂದ ನಾಯಿ ಬಂದು ತಿಂದ್ರ?"

ಬ್ರೆಡ್ಡಿನ ಹೆಸರು ಅಲ್ಲಿಗೇ ಬಿಟ್ಟೆ. ನಾನು ಅದನ್ನು ದಾರಿಸಾಲು ಎಂದು ಕರೆದೆ.

ಕಂಪ್ಯೂಟರಿನ ಅಗಲ ಪರದೆಯಲ್ಲಿ ದಾರಿಸಾಲು ಚೆನ್ನಾಗಿ ಕಾಣುತ್ತಿತ್ತು. ಫೋನಿನಲ್ಲಿ ನೋಡಿದರೆ ಮುರಿದು ಮುರಿದು ಕೆಳಗಿಳಿದು ಅರ್ಧ ಪುಟವನ್ನೇ ನುಂಗಿತ್ತು. ಇಂಥ ಕಡೆ ಎಲ್ಲರೂ ಮಾಡುವುದು ಒಂದೇ: ಮೊದಲ ಹೆಸರು ಮತ್ತು ಕಡೆಯ ಹೆಸರು ಉಳಿಸಿ, ನಡುವಿನದನ್ನು ಮಡಚಿ, ಅದರ ಜಾಗದಲ್ಲಿ ಮೂರು ಚುಕ್ಕಿ ಇಡುವುದು. ಚುಕ್ಕಿ ಮುಟ್ಟಿದರೆ ಮಡಿಕೆ ಬಿಚ್ಚಬೇಕು. ದೊಡ್ಡವ್ವನಿಗೆ ಕಾಗದದ ಮೇಲೆ ಬರೆದು ತೋರಿಸಿದೆ.

"ಹಂಗಂದ್ರ ಸೀರಿ ನಿರಿಗಿ ಇದ್ದಂಗ" ಎಂದಳು. "ನಿಂತಾಗ ಮಡಿಚಿರ್ತೈತಿ, ನಡದ್ರ ಬಿಚ್ಚತೈತಿ. ಮಾಡು. ಆದ್ರ ಧಡ್ ಅಂತ ತೆರೀಬಾರ್ದು, ಮನ್ಯಾಗ ಹಿರಿಯರು ನೋಡ್ತಿರ್ತಾರ."

ಆ ಮಾತು ನನ್ನ ತಲೆ ಹೊಕ್ಕಿತು. ನಿರಿಗೆಯಂತೆಯೇ ಬಿಚ್ಚಬೇಕು, ಒಂದರ ಹಿಂದೊಂದು, ಮೆತ್ತಗೆ. ಕೆಲಸ ಕೈಗೆತ್ತಿಕೊಂಡ ಮೇಲೆ ತಿಳಿಯಿತು, ಬ್ರೌಸರಿಗೆ ಈ ನಯ ಬರುವುದಿಲ್ಲ. ಇಷ್ಟು ಅಗಲದಿಂದ ಇಷ್ಟು ಅಗಲಕ್ಕೆ ಹೋಗು ಎಂದು ಅಳತೆ ಕೊಟ್ಟರೆ ಮೆಲ್ಲಗೆ ಹೋಗುತ್ತದೆ. 'ಒಳಗೆ ಎಷ್ಟು ಅಕ್ಷರ ಇದೆಯೋ ಅಷ್ಟು ಅಗಲವಾಗು' ಎಂದರೆ ಎಮ್ಮೆ ಹಗ್ಗ ಹರಿದುಕೊಂಡ ಹಾಗೆ ಒಮ್ಮೆಲೇ ನುಗ್ಗುತ್ತದೆ. ಒಬ್ಬರ ಊರಿನ ಹೆಸರು ಎರಡಕ್ಷರ, ಒಬ್ಬರದು ಬಸ್ಸಿನ ಬೋರ್ಡಿನಷ್ಟು ಉದ್ದ. ಹಾಗಾಗಿ ಚುಕ್ಕಿ ಮುಟ್ಟಿದ ಕ್ಷಣದಲ್ಲಿ ಒಳಗಿನ ಅಕ್ಷರಗಳ ಅಗಲ ಅಳೆದು, ಆ ಅಳತೆಯನ್ನು ಅಲ್ಲಿಯೇ ಬ್ರೌಸರಿನ ಕೈಗೆ ಕೊಡುವಂತೆ ಬರೆದೆ. ನನ್ನ ಫೋನಿನಲ್ಲಿ ಅದು ಬಿಚ್ಚಿಕೊಂಡ ದಿನ ತೋರಿಸಲು ಯಾರಾದರೂ ಬೇಕೆನಿಸಿತು. ಕೆಳಗಿಳಿದು ಬೀಜದಂಗಡಿಯವರಿಗೆ ತೋರಿಸಿದೆ. "ಛಲೋ ಐತಿ. ಇದರಾಗ ಸಿನಿಮಾ ಬರ್ತೈತೇನು?" ಎಂದು ಕೇಳಿ, ಅವರು ಶೇಂಗಾ ಬೀಜ ತೂಗಲು ಹೋದರು.

ಹೊಸ ವೆಬ್‌ಸೈಟಿಗೆ ಪರೀಕ್ಷೆಗೆಂದು ಒಂದು ನಿಜವಾದ ಪುಟ ಬೇಕಿತ್ತು. ದೊಡ್ಡವ್ವ, "ನಿಂದ ಹಾಕು" ಎಂದಳು. ಹಾಕಿದೆ. ಯಲಬುರ್ಗಾ, ಮಂಗಳೂರು, ತಂದೆಯ ಮನೆತನ, ಆಯಿ ಬಾಯಿಪಾಠ ಮಾಡಿಸಿದ್ದ ಬೆಡಗು, ತಾಯಿಯ ತವರಾಗಿ ಮತ್ತೆ ಮಂಗಳೂರೇ, ಕಡೆಗೆ ನಾನು. ಪರೀಕ್ಷೆ ಮುಗಿದ ಮೇಲೆ ಅಳಿಸಬೇಕಿತ್ತು. ಅಳಿಸಲಿಲ್ಲ.

ವೆಬ್‌ಸೈಟು ತೆರೆದು ಕೆಲವು ದಿನಗಳಾಗಿದ್ದವು. ದೊಡ್ಡವ್ವ ಹೇಳಿದ ವಿವರಗಳನ್ನು ಅಳವಂಡಿಯ ಕಾಲೇಜು ಹುಡುಗನೊಬ್ಬ ಅದರಲ್ಲಿ ತುಂಬುತ್ತಿದ್ದ. ಪುಟದ ಕೆಳಗಿನ ನಂಬರು ನೋಡಿ ಒಂದು ಸಂಜೆ ಒಬ್ಬರು ಫೋನ್ ಮಾಡಿದರು. ಹೆಣ್ಣಿನ ದನಿ.

"ವೆಬ್‌ಸೈಟ್ ಮಾಡಿದವರು ನೀವ ಏನ್ರಿ?"

"ಹೌದ್ರಿ."

"ಆ ಮೂರು ಚುಕ್ಕಿ ಒತ್ತಿದ್ರ ತೆರೀವಲ್ದ್ರಿ. ಅರ್ಧಕ್ಕ ಬಂದು ನಡಗ್ತಾ ನಿಂದರ್ತೈತಿ, ಚಳಿಜ್ವರ ಬಂದಂಗ."

"ನಿಮ್ಮದು ಯಾವ ಫೋನ್ರಿ?"

"ಫೋನಿಗೆ ಯಾಕ ಹೆಸರಿಡ್ತೀರಿ? ಮೊದಲ ನಿಮ್ಮ ಚುಕ್ಕಿ ನೋಡ್ಕೋರಿ."

ಕುಷ್ಟಗಿಯ ಒಂದು ಪ್ರೌಢಶಾಲೆಯ ಗಣಿತದ ಟೀಚರ್. ತಂದೆ ಇಲ್ಲ, ಅಣ್ಣತಮ್ಮಂದಿರಿಲ್ಲ. ತಾಯಿ ಮಗಳು ಇಬ್ಬರೇ. ತಾಯಿ ದೊಡ್ಡವ್ವನಿಗೆ ವಿವರ ಕೊಟ್ಟಿದ್ದರಂತೆ. ತನ್ನ ಬಗ್ಗೆ ಏನು ಬರೆದಿದ್ದಾರೆ ಎಂದು ನೋಡಲು ಹೋಗಿ ಚುಕ್ಕಿಗೆ ಸಿಕ್ಕಿಬಿದ್ದಿದ್ದರು. ಅಗ್ಗದ ಹಳೆಯ ಫೋನು. ನಮ್ಮ ಸೀಮೆಯ ಮುಕ್ಕಾಲು ಮಂದಿಯ ಕೈಯಲ್ಲಿ ಇದ್ದದ್ದು ಅಂಥದೇ. ಅದರಲ್ಲಿ ನಡೆಯದಿದ್ದರೆ ನನ್ನ ನಿರಿಗೆಗೆ ಅರ್ಥವಿಲ್ಲ.

"ನಾ ಸರಿಮಾಡಿ ಹೇಳ್ತೀನಿ, ನೀವು ನಿಮ್ಮ ಫೋನಿನ್ಯಾಗ ಒತ್ತಿ ನೋಡ್ರಿ" ಎಂದೆ.

"ನೋಡ್ತೀನ್ರಿ. ಆದ್ರ ನನ್ನ ಪುಟ ಇಟಗೊಂಡು ಆಟ ಆಡಬ್ಯಾಡ್ರಿ. ಬ್ಯಾರೆ ಮಾಡ್ರಿ."

ಬೇರೆ ಸುಳ್ಳುಪುಟ ಮಾಡಿದೆ. ದಾರಿಸಾಲಿನಲ್ಲಿ ಒಂದು, ಎರಡು, ಮೂರು ಎಂದು ಬರೆದೆ. ಮರುದಿನ ಸಂಜೆ, "ದಿನಾ ಸಾಲ್ಯಾಗ ಇದ ಆಗೇತ್ರಿ. ನೋಡಂಗ ಏನರ ಹಾಕ್ರಿ" ಎಂದರು. ತೋಚಿದ್ದನ್ನು ಹಾಕಿದೆ: ತಲೆಬಾಗಿಲು, ಪಡಸಾಲೆ, ನಡುಮನೆ, ಅಡಿಗೆಮನೆ.

"ಇನ್ನೂ ನಡಗ್ತೈತ್ರಿ. ಅದಿರಲಿ, ಹಿತ್ತಲ ಇಲ್ದ ಮನಿ ಎಂಥಾ ಮನಿರಿ?"

ಹಿತ್ತಲು ಸೇರಿಸಿದೆ. ಮರುದಿನ ಅವರಿಗೆ ಹಿತ್ತಲಲ್ಲಿ ನೀರಿನ ಹೌದು, ಎಂದರೆ ತೊಟ್ಟಿ, ಬೇಕಾಯಿತು. ಅದರ ಮರುದಿನ ಮಾಳಿಗೆ. "ಮಾಳಿಗಿ ಮ್ಯಾಲ ಹಪ್ಪಳ ಒಣಹಾಕಾಕ ಹೆಂಗ ಹತ್ತೂದ್ರಿ? ಜಿಗದು ಹೋಗೂದೇನು?" ಎಂದಾಗ ನಿಚ್ಚಣಿಕೆಯನ್ನೂ ಸೇರಿಸಿದೆ. ಬೆಳಕಿಂಡಿ ಬಂತು. ಬೆಳಕಿಂಡಿಯ ಕೆಳಗೆ ಓದಲು ಕೂಡುವ ಜಾಗ ಬಂತು. "ಅಲ್ಲಿ ಒಬ್ಬರ ಕೂಡೂದೋ, ಇಬ್ಬರೋ?" ಎಂದು ಒಂದು ದಿನ ನಾನು ಕೇಳಿದೆ. "ಜಾಗ ಅಗಲ ಇಡ್ರಿ" ಎಂದರು.

ಹೀಗೆ ಮಡಚುವ ಸಾಲು ದಿನೇ ದಿನೇ ಉದ್ದವಾಯಿತು, ನಡುಗುವುದು ಹೆಚ್ಚಾಯಿತು. ಸಂಜೆ ಶಾಲೆ ಬಿಟ್ಟು ಅವರು ಮನೆ ಸೇರುವ ಹೊತ್ತಿಗೆ ನಾನು ಖಾನಾವಳಿಗೆ ಹೋಗದೆ ಫೋನಿನ ಮುಂದೆ ಕುಳಿತಿರುತ್ತಿದ್ದೆ. ಅವರು ಜಗಳ ತೆಗೆದಂತೆ ಮಾತಾಡುವುದು, ನಡುವೆ "ಯವ್ವಾ, ಒಂದ ನಿಮಿಷ ತಡಿ" ಎಂದು ತಾಯಿಗೆ ಹೇಳುವುದು, ಆ ಕಡೆ ರೊಟ್ಟಿ ಬಡಿಯುವ ಸಪ್ಪಳ, ಇವೆಲ್ಲ ನನ್ನ ಕೋಣೆಗೆ ಬರತೊಡಗಿದವು. ಎಷ್ಟೋ ವರ್ಷದ ಮೇಲೆ ನಾನು ಪೂರಾ ವಾಕ್ಯಗಳಲ್ಲಿ ಮಾತಾಡುತ್ತಿದ್ದೆ. ಆಯಿಯ ಮಾತುಗಳು ತಾವಾಗಿ ಬಾಯಿಗೆ ಬರುತ್ತಿದ್ದವು. "ನೀವು ಮುದುಕಿಯರ ಗತೆ ಮಾತಾಡ್ತೀರಿ" ಎಂದು ಅವರು ನಗುತ್ತಿದ್ದರು.

ಕಡೆಗೊಂದು ಸಂಜೆ ಅವರೇ ಹೇಳಿದರು, "ದೊಡ್ಡವ್ವಗ ಹೇಳ್ರಿ. ನಮ್ಮವ್ವನ ಕೂಡ ಬಂದು ಮಾತಾಡ್ಲಿ."

ನನಗೆ ಕೈಯಲ್ಲಿ ಹಿಡಿದಿದ್ದ ಫೋನು ಬಿಸಿಯಾದಂತಾಯಿತು. "ಮೊದಲ ಈ ಚುಕ್ಕಿ ತೆರೀಲಿ. ಅರ್ಧ ಕೆಲಸ ಬಿಟ್ಟು ದೊಡ್ಡವ್ವನ ಮುಂದ ನಿಂತ್ರ ಬೈತಾಳ" ಎಂದೆ. ನಾಚಿಕೆಗೆ ಹೇಳಿದ ಮಾತು ಅದು.

ಆ ವೆಬ್‌ಸೈಟಿನ ಕೀಲಿ ನನ್ನ ಕೈಯಲ್ಲಿತ್ತು. ಅವರ ಪುಟ ತೆರೆದು ನೋಡಲು ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಅದಕ್ಕಾಗಿಯೇ ನೋಡಲಿಲ್ಲ. ತಮ್ಮ ಪುಟದ ಜೊತೆ ಆಟ ಆಡಬೇಡಿ ಎಂದಿದ್ದರು, ಮೇಲಾಗಿ, ಮಾತಾಡುವ ಮನುಷ್ಯರ ಮನೆಗೆ ಹಿಂದಿನ ಬಾಗಿಲಿಂದ ಹೋಗಿ ಇಣುಕಿದಂತೆ ಆಗುತ್ತಿತ್ತು. ಅವರಿಗೋ, ನಾನು ಕಳಿಸಿದ ಲಿಂಕ್ ಒತ್ತಿ ನೇರವಾಗಿ ನನ್ನ ಪುಟ ತೆರೆದಾಗಲೆಲ್ಲ ಕಾಣುತ್ತಿದ್ದದ್ದು ಇಷ್ಟೇ: ಯಲಬುರ್ಗಾ, ಮೂರು ಚುಕ್ಕಿ, ನನ್ನ ಹೆಸರು. ಬೆಡಗನ್ನು ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ. ಅದು ಹಿರಿಯರು ಕೇಳುವ ಮಾತು. ಅವರ ಕಡೆ ಕೇಳಬೇಕಾದ ತಾಯಿಗೆ ಇನ್ನೂ ವಿಷಯ ತಿಳಿದಿರಲಿಲ್ಲ. ನನ್ನ ಕಡೆ ಕೇಳಬೇಕಾದವಳು ಮಂಗಳೂರಿನ ಮಣ್ಣಿನಲ್ಲಿದ್ದಳು.

ಚುಕ್ಕಿಯ ರೋಗ ಎಲ್ಲಿದೆ ಎಂದು ತಿಳಿದದ್ದು ಒಂದು ಭಾನುವಾರ. ಮಡಿಕೆ ಬಿಚ್ಚುವಾಗ ಪ್ರತಿ ಹೆಜ್ಜೆಗೂ ಆ ಬಡ ಫೋನು ಸಾಲಿನ ಎಲ್ಲ ಅಕ್ಷರಗಳನ್ನೂ ಹೊಸದಾಗಿ ಸರಿಸಿ ಜೋಡಿಸಬೇಕಿತ್ತು. ತುಂಬಿದ ಬಸ್ಸಿನಲ್ಲಿ ಒಬ್ಬರು ಹತ್ತಿದಾಗಲೆಲ್ಲ ಎಲ್ಲರನ್ನೂ ಎಬ್ಬಿಸಿ ಕೂರಿಸಿದ ಹಾಗೆ. ಅದನ್ನು ಬಿಟ್ಟು, ಮೊದಲೇ ಎಲ್ಲರಿಗೂ ಜಾಗ ಮಾಡಿಟ್ಟು, ಕಾಣದಂತೆ ನಿಲ್ಲಿಸಿ, ಆಮೇಲೆ ಒಂದೊಂದನ್ನೇ ಪಕ್ಕದಿಂದ ಜಾರಿಸಿ ತರುವಂತೆ ಮಾಡಿದೆ. ಒಂದು ಕಂಡು ಕಣ್ಣು ಮಿಟುಕಿಸುವಷ್ಟರಲ್ಲಿ ಇನ್ನೊಂದು. ದೊಡ್ಡವ್ವ ಹೇಳಿದ ನಿರಿಗೆ ಅದು. ಇಡೀ ವೆಬ್‌ಸೈಟಿಗೆ ಅದನ್ನೇ ಹಾಕಿ ಅವರಿಗೆ ಹೇಳಿದೆ: "ಈಗ ನೋಡ್ರಿ."

ಸುಳ್ಳುಪುಟದ ಮನೆ ಪೂರಾ ಬಿಚ್ಚಿಕೊಂಡಿತು. ತಲೆಬಾಗಿಲಿಂದ ಬೆಳಕಿಂಡಿಯ ಕೆಳಗಿನ ಜಾಗದವರೆಗೆ. "ಅಯ್ಯ! ಬೆಣ್ಣಿ ಬೆಣ್ಣಿ" ಎಂದು ಅವರು ಚೀರಿದ್ದು ಕೇಳಿ ನಾನು ಒಬ್ಬನೇ ಕೋಣೆಯಲ್ಲಿ ಎದ್ದು ನಿಂತುಬಿಟ್ಟೆ. "ತಡೀರಿ, ಇನ್ನೊಂದು ಪುಟ ನೋಡಿ ಮತ್ತ ಹಚ್ಚತೀನಿ" ಎಂದು ಫೋನಿಟ್ಟರು.

ಮತ್ತೆ ಫೋನು ಹಚ್ಚಿದಾಗ ದನಿ ಬೇರೆಯಾಗಿತ್ತು.

"ನಿಮ್ಮ ಪುಟ ತೆರದೆ."

"ನಡಗಿತೇನ್ರಿ?"

"ಇಲ್ಲ. ಭಾಳ ಛಲೋ ತೆರೀತು. ಒಂದೊಂದ ಬಂತು." ಅದರ ಹಿಂದೆಯೇ, "ನಿಮ್ಮ ಬೆಡಗೂ ಬಂತು" ಎಂದರು.

"ಹ್ಞೂಂ."

"ನಮ್ಮದೂ ಅದ ಐತ್ರಿ."

ನಾನು ಏನು ಹೇಳಿದೆನೋ ನೆನಪಿಲ್ಲ. ಬಹುಶಃ "ಸರೀ ನೋಡ್ರಿ" ಎಂದಿರಬೇಕು. ಯಾಕೆಂದರೆ ಅವರು, "ಅಕ್ಷರ ಓದಾಕ ಬರ್ತೈತ್ರಿ ನನಗ" ಎಂದದ್ದು ನೆನಪಿದೆ. ಸಿಟ್ಟಿನಿಂದ ಹೇಳಿದ್ದಲ್ಲ. ಆಮೇಲೆ ಇಬ್ಬರೂ ಫೋನು ಹಿಡಿದುಕೊಂಡೇ ಇದ್ದೆವು. ಆ ಕಡೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು.

ಮರುದಿನ ಅಳವಂಡಿಗೆ ಹೋದೆ. ದೊಡ್ಡವ್ವ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಎಲ್ಲ ಹೇಳಿದೆ. ಆಕೆ ಎಣ್ಣೆಯ ಕೈಯನ್ನು ಹಾಗೇ ಮೇಲೆ ಹಿಡಿದು ಕೇಳಿದಳು.

"ಒಡಹುಟ್ಟಿದಾಕಿ ಆದಳಲ್ಲೋ ಮಗನ."

"ನಮ್ಮಪ್ಪನ ಮುಖಾನ ನಾ ನೋಡಿಲ್ಲ ದೊಡ್ಡವ್ವಾ. ಅಂವ ಬಿಟ್ಟುಹೋಗಿದ್ದು ಈ ಬೆಡಗೊಂದ. ಅದೂ ಅಡ್ಡ ಬರಬೇಕೇನು?"

"ಬೆಡಗು ನಾ ಮಾಡಿದ್ದಲ್ಲ, ನೀ ಮಾಡಿದ್ದಲ್ಲ. ನನಗ ಒಂದ ಮಾತು ಮೊದಲ ಹೇಳಿದ್ರ, ಚಾ ಕುಡಿಯೂದರಾಗ ಮುಗೀತಿತ್ತು. ಇಷ್ಟು ಮನಸಿಗೆ ಹಚಗೊಳ್ಳೂತನಕ ಬರ್ತಿರಲಿಲ್ಲ. ಇಂಥಾದ್ದು ಕೇಳಾಕ ಹಿರಿಯರು ಬೇಕೋ."

"ನನಗ ಹಿರಿಯರು ಯಾರದಾರ?"

"ನಾ ಸತ್ತೀನೇನು?" ಎಂದಳು ದೊಡ್ಡವ್ವ. ಆಮೇಲೆ ಮುಖ ಆ ಕಡೆ ತಿರುಗಿಸಿಕೊಂಡು ಮತ್ತೆ ಮೊಣಕಾಲು ತಿಕ್ಕತೊಡಗಿದಳು.

ಒಂದು ಸಲ, ಒಂದೇ ಸಲ, ನಾನು ಟೀಚರಿಗೆ ಫೋನ್ ಮಾಡಿ ಕೇಳಿದೆ. ಈಗಿನ ಕಾಲದಲ್ಲಿ ಬೆಡಗು ನೋಡದೆ ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾಗುವವರೂ ಇದ್ದಾರೆ ಎಂದೆ. ಅವರು ಸಿಟ್ಟಾಗಲಿಲ್ಲ. "ಅದಾರ್ರಿ. ಆದ್ರ ನಮ್ಮವ್ವಗ ನಾನು, ಈ ಓಣಿ ಮಂದಿ, ಇಷ್ಟ ಇರೂದು. ಓಣಿ ಮಂದಿ ಮಾತು ಬಿಟ್ರ ಆಕಿಗೆ ದಿನಾ ಮಾತಾಡಾಕ ಯಾರು?" ಎಂದರು. ಮಾತಾಡಲು ಯಾರೂ ಇಲ್ಲದಿರುವುದು ಏನೆಂದು ಅವರು ನನಗೆ ವಿವರಿಸಬೇಕಿರಲಿಲ್ಲ. ನಾನು ಮತ್ತೆ ಕೇಳಲಿಲ್ಲ.

ದೊಡ್ಡವ್ವನ ಅಪ್ಪಣೆಯಂತೆ ದಾರಿಸಾಲು ಬದಲಾಯಿತು. ಏನು ಬೇಕಾದರೂ ಮಡಚು, ಬೆಡಗು ಮಾತ್ರ ಹೊರಗಿರಲಿ. ಮೊದಲು ತಾಲೂಕು, ಅದರ ಮಗ್ಗುಲಲ್ಲೇ ಬೆಡಗು, ಆಮೇಲೆ ಮೂರು ಚುಕ್ಕಿ, ಆಮೇಲೆ ಹೆಸರು. ಹಾಗೆ ಬರೆಯುವುದು ಸುಲಭ, ಒಂದು ಮಧ್ಯಾಹ್ನದ ಕೆಲಸ. ಸುಳ್ಳುಪುಟವನ್ನೂ ಅದೇ ಮಧ್ಯಾಹ್ನ ಅಳಿಸಿದೆ. ನನ್ನ ಪುಟವನ್ನೂ. ಅಳಿಸುವ ಮೊದಲು ಕಂಪ್ಯೂಟರು ಒಂದು ಸಲ ಕೇಳುತ್ತದೆ, ಖಂಡಿತವೇ ಎಂದು. ಆ ಪ್ರಶ್ನೆಯನ್ನೂ ನಾನೇ ಬರೆದದ್ದು.

ಆಮೇಲಿನ ಸಂಜೆಗಳು ಮೊದಲಿನಂತೆಯೇ ಇದ್ದವು. ಆದರೆ ಮೊದಲು ಅವು ಉದ್ದವೆಂದು ನನಗೆ ಗೊತ್ತಿರಲಿಲ್ಲ. ಖಾನಾವಳಿಗೆ ಮತ್ತೆ ಹೋಗತೊಡಗಿದೆ. ಬಡಿಸುವವನು, "ಎಲ್ಲಿ ಹೋಗಿದ್ರಿ ಇಷ್ಟ ದಿನಾ? ಮದಿವಿ ಗಿದಿವಿ ಆತೇನಂತ ಮಾಡಿದ್ದೆ" ಎಂದ. ಅದೇ ಅಂದಿನ ದೊಡ್ಡ ಮಾತುಕತೆ.

ಟೀಚರ ಮದುವೆ ಗಂಗಾವತಿಯ ಕಡೆಯ ಕಾಲುವೆ ಸೀಮೆಯ ಮನೆತನಕ್ಕೆ ನಿಶ್ಚಯವಾಯಿತು. ನೀರಾವರಿ ಭೂಮಿ, ಒಳ್ಳೆಯ ಮಂದಿ. ಕೂಡಿಸಿದವಳು ದೊಡ್ಡವ್ವ, ಪುಟ ನನ್ನದೇ ವೆಬ್‌ಸೈಟಿನದು. ಮದುವೆಗೆ ನಾನು ಹೋಗಲಿಲ್ಲ. ಗಿರಣಿಯವರ ಕೆಲಸವಿದೆ ಎಂದೆ. ಕೆಲಸ ನಿಜಕ್ಕೂ ಇತ್ತು.

ಮದುವೆಯಾದ ಮೊದಲ ವರ್ಷದ ನಾಗರ ಪಂಚಮಿ ಬಂತು. ನಮ್ಮ ಕಡೆ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಗಂಡನ ಮನೆಯಿಂದ ಕರೆತರಬೇಕು. ಬರುವವರಿಲ್ಲದಿದ್ದರೆ ಹುಡುಗಿ ಬಾಗಿಲಲ್ಲಿ ನಿಂತು ಬೇರೆಯವರ ಅಣ್ಣಂದಿರನ್ನು ನೋಡಬೇಕು. ಶ್ರಾವಣದ ಆರಂಭದಲ್ಲಿ ಒಂದು ನಂಬರಿನಿಂದ ಫೋನ್ ಬಂತು. ಮುದುಕಿಯ ದನಿ. ಟೀಚರ ತಾಯಿ.

"ತಮ್ಮಾ, ದೊಡ್ಡವ್ವ ಎಲ್ಲಾ ಹೇಳ್ಯಾಳ. ನಮಗ ಗಂಡುಮಕ್ಕಳಿಲ್ಲ. ನೀ ನಮ್ಮ ಬೆಡಗಿನಂವ. ಅಕಿನ್ನ ಕರಕೊಂಡು ಬರ್ತೀಯೇನು?"

ಆಕೆಯೇ ಮುಂದುವರಿಸಿದಳು, "ಒಲ್ಲೆ ಅಂದ್ರ ನನಗೇನ ಬ್ಯಾಸರಿಲ್ಲ. ತಿಳೀತೈತಿ ನನಗ."

"ಬರ್ತೀನ್ರಿ" ಎಂದೆ.

ಗದ್ದೆಗಳ ನಡುವಿನ ಆ ಊರಿನಲ್ಲಿ ಟೀಚರ ಅತ್ತೆ ನನಗೆ ಕಾಲಿಗೆ ನೀರು ಕೊಟ್ಟು, "ಯಾವೂರ್ರಿ, ಯಾರ ಪೈಕಿ?" ಎಂದು ಕೇಳಿದರು. ನಾನು ಊರು, ಬೆಡಗು ಹೇಳಿದೆ. "ಹಂಗಂದ್ರ ಅಣ್ಣ ಆಗಬೇಕು" ಎಂದು ಒಳಗೆ ಕೂಗಿದರು, "ನಿಮ್ಮಣ್ಣ ಬಂದಾನ ನೋಡವಾ!" ಒಳಗಿನಿಂದ ಬಂದವರನ್ನು ನಾನು ಮೊದಲ ಸಲ ನೋಡಿದ್ದು ಆಗಲೇ. ದನಿಯಿಂದ ಎತ್ತರದವರೆಂದುಕೊಂಡಿದ್ದೆ. ಗಿಡ್ಡಗಿದ್ದರು, ಕನ್ನಡಕ ಹಾಕಿದ್ದರು. ಸೆರಗಿನ ತುದಿಯಿಂದ ಕೈ ಒರೆಸಿಕೊಳ್ಳುತ್ತ ನಿಂತು, "ಬಂದಿಯೇನಣ್ಣಾ" ಎಂದರು. ಆ ಒಂದು ಮಾತಿಗೆ ಅವರು ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡು ಸಿದ್ಧವಾಗಿದ್ದರೋ, ದನಿ ಎಲ್ಲಿಯೂ ಮುರಿಯಲಿಲ್ಲ.

"ಬಂದೆ ತಂಗೀ" ಎಂದೆ. ನನ್ನದು ಸ್ವಲ್ಪ ಮುರಿಯಿತು. ಅತ್ತೆಗೆ ಅದು ಪ್ರೀತಿಯೆಂದೇ ಕೇಳಿಸಿರಬೇಕು. ಪ್ರೀತಿಯೇ ಅದು.

ಬಸ್ಸಿನ ತುಂಬ ಅಂದು ಅಣ್ಣ-ತಂಗಿಯರು. ಗದ್ದೆಯ ಹಸಿರು ಮುಗಿದು ಕೆಂಪು ಮಣ್ಣಿನ ಮಸಾರಿ ಹೊಲ ಬರುವವರೆಗೂ ಟೀಚರು ಗಂಡನ ಮನೆಯ ಮಾತಾಡಿದರು. ಅಲ್ಲಿ ಮೂರು ಹೊತ್ತೂ ಅನ್ನವಂತೆ, ರೊಟ್ಟಿ ಕೇಳಿದರೆ ನಗುತ್ತಾರಂತೆ, ಗಂಡ ಒಳ್ಳೆಯವನಂತೆ. "ಮಾತು ಸ್ವಲ್ಪ ಕಡಿಮಿ" ಎಂದರು. ಆಮೇಲೆ ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡಿದರು. ನಾನು ಅವರ ಚೀಲ ಜಾರದಂತೆ ಕಾಲಿನಿಂದ ಒತ್ತಿ ಹಿಡಿದು ಕುಳಿತೆ. ಅಣ್ಣಂದಿರು ಏನು ಮಾಡುತ್ತಾರೆಂದು ಸುತ್ತ ನೋಡಿದೆ. ಎಲ್ಲರೂ ಅದನ್ನೇ ಮಾಡುತ್ತಿದ್ದರು.

ಕುಷ್ಟಗಿಯಲ್ಲಿ ತಾಯಿ ಊಟ ಹಾಕಿ, ಇದ್ದು ಹೋಗು ಎಂದಳು. ಓಣಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಟೀಚರು ಆಗಲೇ ಗೆಳತಿಯರ ನಡುವೆ ಜಗಳ ತೆಗೆದಂತೆ ಮಾತಾಡುತ್ತಿದ್ದರು. ನಾನು ಫೋನಿನಲ್ಲಿ ಕೇಳುತ್ತಿದ್ದ ಅದೇ ದನಿ. ಕೆಲಸವಿದೆ ಎಂದು ಹೊರಟೆ. ಶೇಂಗಾ ಉಂಡಿ, ಎಳ್ಳುಂಡಿ ತುಂಬಿದ ಡಬ್ಬಿಯನ್ನು ತಾಯಿ ಕೈಗಿತ್ತಳು. "ಬರೂ ವರ್ಷನೂ ನೀನ ಹೋಗಬೇಕಪಾ" ಎಂದಳು. ಹ್ಞೂಂ ಎಂದೆ.

ಕೊಪ್ಪಳದ ಬಸ್ಸು ಖಾಲಿ ಖಾಲಿ ಇತ್ತು. ಹಬ್ಬದ ಹೊತ್ತಿಗೆ ಊರು ಬಿಟ್ಟು ಹೋಗುವವರು ಯಾರು? ಪಕ್ಕದ ಸೀಟಿನ ಮೇಲೆ ಡಬ್ಬಿಯನ್ನಿಟ್ಟು ಕುಳಿತೆ. ಮುಂದಿನ ಊರಿನಲ್ಲಿ ಮಂದಿ ಹತ್ತಿದರು. ಪೇಟ ಸುತ್ತಿದ ಮುದುಕನೊಬ್ಬ ಬಂದು ಸೀಟಿನ ಕಂಬಿ ಹಿಡಿದು, "ಇಲ್ಲಿ ಯಾರರ ಅದಾರೇನ್ರಿ?" ಎಂದು ಕೇಳಿದ.

"ಇಲ್ರೀ, ಕೂಡ್ರಿ" ಎಂದು ಡಬ್ಬಿಯನ್ನು ತೊಡೆಯ ಮೇಲೆ ತೆಗೆದುಕೊಂಡೆ.